ಎರಡು ಚಿತ್ರಗಳ ನಡುವೆ ಸತ್ತ ವೀರ

ಹಾವೇರಿಯ ಸಿದ್ಧೇಶ್ವರ ಗುಡಿಗೆ ಬಂದವರು ಮೊದಲು ಶಿಖರ ನೋಡುತ್ತಾರೆ. ಚಾಲುಕ್ಯರ ಕಾಲದ ಗುಡಿ ಪೂರ್ವ ಬಿಟ್ಟು ಪಶ್ಚಿಮಕ್ಕೇಕೆ ಮುಖ ಮಾಡಿದೆ ಎಂದು ಒಂದಿಷ್ಟು ಮಾತಾಡುತ್ತಾರೆ. ಆವರಣದಲ್ಲಿ ನಿಲ್ಲಿಸಿರುವ ವೀರಗಲ್ಲುಗಳ ಮುಂದೆ ಹೆಚ್ಚು ಹೊತ್ತು ನಿಲ್ಲುವವರು ಕಡಿಮೆ. ನಿಂತವರ ಕಣ್ಣು ಸಹಜವಾಗಿ ಮೇಲಿನಿಂದ ಕೆಳಗೆ ಇಳಿಯುತ್ತದೆ. ಇಂಥ ಕಲ್ಲುಗಳ ತುದಿಯಲ್ಲಿ ಸಾಮಾನ್ಯವಾಗಿ ಸೂರ್ಯ ಚಂದ್ರ ಇರುತ್ತಾರೆ. ಅದರ ಕೆಳಗೆ ಲಿಂಗ, ಪೂಜಾರಿ, ನಂದಿ, ಪಕ್ಕದಲ್ಲಿ ಕುಳಿತ ಒಬ್ಬ ಗಂಡಸು. ನಡುವಿನ ಅಂಕಣದಲ್ಲಿ ಒಬ್ಬ ಗಂಡಸನ್ನು ಎರಡೂ ಬದಿಯಿಂದ ಹಿಡಿದುಕೊಂಡ ಹೆಂಗಸರು. ತೀರ ಕೆಳಗೆ ಬಿಲ್ಲು, ಕತ್ತಿ, ಕುದುರೆ, ದನ, ಬಿದ್ದ ಮೈಗಳು. ಹೀಗೆ ಮೇಲಿನಿಂದ ಓದಿದರೆ ಒಂದು ಕಥೆ ಹುಟ್ಟುತ್ತದೆ: ಒಬ್ಬ ಶಿವಭಕ್ತನಿದ್ದ, ಪೂಜೆ ಮುಗಿಸಿ ಹೆಂಗಸರ ಜೊತೆ ಸುಖವಾಗಿದ್ದ, ಕೊನೆಗೆ ಜಗಳಕ್ಕೆ ಹೋದ. ಕಥೆ ಅರ್ಥವಾಗುತ್ತದೆ, ಎಲ್ಲೂ ತೊಡಕಿಲ್ಲ. ಆದರೆ ಪೂರ್ತಿ ತಪ್ಪು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ದನ ಹೊಡೆದುಕೊಂಡು ಹೋಗಲು ಬಂದವರನ್ನೋ ಊರಿಗೆ ನುಗ್ಗಿದವರನ್ನೋ ಒಬ್ಬ ಎದುರಿಸಿದ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಕೈಲಾಸ, ಅಲ್ಲಿ ಅವನು ಶಿವನ ಸನ್ನಿಧಿಯಲ್ಲಿ ಕುಳಿತಿದ್ದಾನೆ. ಸೂರ್ಯ ಚಂದ್ರರಿರುವ ತನಕ ಅವನ ಹೆಸರಿರಲಿ ಎಂಬುದು ತುದಿಯ ಆ ಎರಡು ಗುರುತಿನ ತಾತ್ಪರ್ಯ. ಹಾವೇರಿ, ಹಾನಗಲ್ಲು, ರಾಣೆಬೆನ್ನೂರು ಸೀಮೆಯಲ್ಲಿ ಗುಡಿಯ ಬದಿಯಲ್ಲಿ, ಕೆರೆಯ ಏರಿಯಲ್ಲಿ, ಊರ ಅಗಸೆಯಲ್ಲಿ ಇಂಥ ಕಲ್ಲುಗಳು ಎದುರಾಗುತ್ತಲೇ ಇರುತ್ತವೆ. ಕೆಲವು ಕಡೆ ಎಣ್ಣೆ ಕುಂಕುಮ ಬಳಿಸಿಕೊಂಡು ದೇವರಾಗಿವೆ, ಕೆಲವು ಕಡೆ ಕಟ್ಟೆಗೆ ಕಲ್ಲಾಗಿವೆ.

ಈಗ ಈ ಕಲ್ಲಿನಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ: ವೀರ ಸತ್ತದ್ದು ಎಲ್ಲಿ? ಅನೇಕ ಕಲ್ಲುಗಳಲ್ಲಿ ಕೆಳಗಿನ ಅಂಕಣದ ನಾಯಕ ಇನ್ನೂ ಬಿಲ್ಲೆಳೆದು ನಿಂತಿರುತ್ತಾನೆ, ಕತ್ತಿ ಎತ್ತಿರುತ್ತಾನೆ. ಬಿದ್ದಿರುವವರು ಬೇರೆಯವರು. ಅದರ ಮೇಲಿನ ಅಂಕಣಕ್ಕೆ ಬರುವಷ್ಟರಲ್ಲಿ ಅವನು ಭೂಮಿಯನ್ನೇ ಬಿಟ್ಟಾಗಿದೆ. ಕಲ್ಲು ನಿಂತಿರುವುದೇ ಅವನ ಸಾವಿನ ನೆನಪಿಗೆ; ಆ ಸಾವನ್ನೇ ಕಲ್ಲುಕುಟಿಗ ಕೆತ್ತಿಲ್ಲ. ಅದು ಎರಡು ಅಂಕಣಗಳ ನಡುವೆ ನಡೆದುಹೋಗಿದೆ. ನಡೆಸಿದವರು ನೋಡುವ ನಾವು.

1993ರಲ್ಲಿ ಅಮೆರಿಕದ ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ ಇದೇ ಮಾತನ್ನು ಎರಡು ಚೌಕಗಳಲ್ಲಿ ತೋರಿಸಿ ಹೆಸರಾದ. ಒಂದು ಚೌಕದಲ್ಲಿ ಒಬ್ಬ ಕೊಡಲಿ ಎತ್ತಿದ್ದಾನೆ, ಇನ್ನೊಬ್ಬ ಬಾಯಿಬಿಟ್ಟು ಬೆದರಿದ್ದಾನೆ. ಮುಂದಿನ ಚೌಕದಲ್ಲಿ ರಾತ್ರಿಯ ನಗರ, ಆಕಾಶದಲ್ಲಿ ಒಂದು ಚೀತ್ಕಾರ. ಕೊಡಲಿ ಬಿದ್ದದ್ದನ್ನು ಚಿತ್ರ ಬರೆದವನು ತೋರಿಸಿಲ್ಲ. ಅದನ್ನು ಬೀಳಿಸಿದವನು ಓದುಗ, ಎಷ್ಟು ಜೋರಾಗಿ ಬಿತ್ತು ಎಂದು ತೀರ್ಮಾನಿಸಿದವನೂ ಓದುಗನೇ ಎಂಬುದು ಅವನ ವಾದ. ಪುಸ್ತಕದ ಹೆಸರು ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’. ಇನ್ನೂರಕ್ಕೂ ಹೆಚ್ಚು ಪುಟಗಳ ಈ ಸಿದ್ಧಾಂತಗ್ರಂಥವೇ ಒಂದು ಕಾಮಿಕ್ಸ್. ಕನ್ನಡಕ ಹಾಕಿದ ಒಂದು ಸರಳ ಗೆರೆಯ ಮನುಷ್ಯ, ಅಂದರೆ ಲೇಖಕನೇ, ಪುಟಪುಟದಲ್ಲೂ ನಿಂತು ಪಾಠ ಹೇಳುತ್ತಾನೆ. ಚೌಕಗಳ ನಡುವಿನ ಖಾಲಿ ಜಾಗವೇ ಈ ಕಲೆಯ ಹೃದಯ, ಅಲ್ಲಿ ಓದುಗನ ಕಲ್ಪನೆ ಎರಡು ಬಿಡಿ ಚಿತ್ರಗಳನ್ನು ಒಂದು ವಿಚಾರವಾಗಿ ಹೊಲಿಯುತ್ತದೆ ಎನ್ನುವುದು ಅವನ ಮುಖ್ಯ ಪ್ರಮೇಯ. ಒಂದು ಚೌಕದಿಂದ ಇನ್ನೊಂದಕ್ಕೆ ದಾಟುವ ಬಗೆಗಳನ್ನು ಆರಾಗಿ ವಿಂಗಡಿಸಿಯೂ ಕೊಟ್ಟ: ಕ್ಷಣದಿಂದ ಕ್ಷಣಕ್ಕೆ, ಕ್ರಿಯೆಯಿಂದ ಕ್ರಿಯೆಗೆ, ಒಬ್ಬರಿಂದ ಇನ್ನೊಬ್ಬರಿಗೆ, ದೃಶ್ಯದಿಂದ ದೃಶ್ಯಕ್ಕೆ, ಒಂದೇ ಜಾಗದ ಒಂದು ನೋಟದಿಂದ ಇನ್ನೊಂದಕ್ಕೆ, ಕೊನೆಯದಾಗಿ ಯಾವ ಸಂಬಂಧವೂ ಇಲ್ಲದ ಜಿಗಿತ.

ಹಾವೇರಿಯ ಕಲ್ಲುಕುಟಿಗರು ಈ ಕೊಡಲಿಯ ಆಟವನ್ನು ಎಂಟು ಒಂಬತ್ತು ನೂರು ವರ್ಷಗಳ ಹಿಂದೆಯೇ ಆಡಿದ್ದರು ಎಂದು ಹೆಮ್ಮೆಪಡಲು ನನಗೆ ಅಡ್ಡಿಯಿಲ್ಲ. ಆದರೆ ಹೆಮ್ಮೆಗಿಂತ ಸ್ವಾರಸ್ಯದ್ದು ಒಂದು ವ್ಯತ್ಯಾಸ. ಮೆಕ್‌ಕ್ಲೌಡ್‌ನ ಪುಸ್ತಕದಲ್ಲಿ ಎರಡು ಚೌಕಗಳ ನಡುವಿನ ಜಾಗ ಖಾಲಿ. ವೀರಗಲ್ಲಿನಲ್ಲಿ ಅದು ಖಾಲಿಯಿಲ್ಲ. ಅಂಕಣಗಳನ್ನು ಬೇರ್ಪಡಿಸುವ ಉಬ್ಬಿದ ಪಟ್ಟಿಯ ಮೇಲೆಯೇ ಶಾಸನದ ಸಾಲುಗಳನ್ನು ಕೆತ್ತುವುದು ವಾಡಿಕೆ: ಯಾವ ಅರಸನ ಆಳ್ವಿಕೆ, ಶಕವರ್ಷ ಯಾವುದು, ಯಾರ ಮಗ, ಯಾವ ಊರಿನ ದನ, ಹೇಗೆ ಕಾದಿ ಸತ್ತ. ಚಿತ್ರ ಬಿಟ್ಟುಕೊಟ್ಟ ಸಾವನ್ನು ಅಕ್ಷರ ಹಿಡಿದುಕೊಂಡಿದೆ. ಓದುಗನ ಕಲ್ಪನೆಗೆ ಬಿಡಬಹುದಾದ ಜಾಗದಲ್ಲಿ ಕಲ್ಲುಕುಟಿಗ, ಅಥವಾ ಕಲ್ಲು ನಿಲ್ಲಿಸಿದ ಮನೆಯವರು, ದಾಖಲೆ ತುಂಬಿದ್ದಾರೆ. ಅಕ್ಷರ ಬಲ್ಲವನು ಪಟ್ಟಿಯನ್ನು ಓದುತ್ತಿದ್ದ, ಬಾರದವನು ಅಂಕಣವನ್ನು. ಒಂದೇ ಕಲ್ಲಿಗೆ ಇಬ್ಬರು ಓದುಗರು.

ಮೆಕ್‌ಕ್ಲೌಡ್‌ನ ಪುಸ್ತಕಕ್ಕೆ ಓದುಗರಿಂದ ಬಂದ ಪ್ರತಿಕ್ರಿಯೆಯೂ ಎರಡು ಬಗೆಯದೇ. ಮಕ್ಕಳ ಓದು ಎಂದು ಕರೆಸಿಕೊಂಡು ಬೇಸತ್ತಿದ್ದ ಕಲಾವಿದರಿಗೆ, ಚಿತ್ರಕಲೆಯ ವಿದ್ಯಾರ್ಥಿಗಳಿಗೆ, ಕಾಲೇಜಿನ ಮೇಷ್ಟರಿಗೆ ಇದು ದೊಡ್ಡ ಬೆಂಬಲವಾಯಿತು. ಅದಕ್ಕೂ ಮುಂಚೆ 1985ರಲ್ಲಿ ವಿಲ್ ಐಸ್ನರ್ ‘ಕಾಮಿಕ್ಸ್ ಅಂಡ್ ಸೀಕ್ವೆನ್ಷಿಯಲ್ ಆರ್ಟ್’ ಬರೆದು, ಕಾಮಿಕ್ಸ್ ಎಂದರೆ ಸಾಲುಚಿತ್ರಗಳ ಕಲೆ ಎಂಬ ದಾರಿ ತೋರಿದ್ದ. ಮೆಕ್‌ಕ್ಲೌಡ್ ಅದನ್ನು ಬಿಗಿ ವ್ಯಾಖ್ಯೆಯಾಗಿಸಿದ: ಉದ್ದೇಶಪೂರ್ವಕವಾಗಿ ಒಂದರ ಪಕ್ಕ ಒಂದು ಜೋಡಿಸಿದ ಚಿತ್ರಗಳ ಸಾಲು. ಈ ವ್ಯಾಖ್ಯೆ ಹಿಡಿದು ಅವನು ಹಿಂದಕ್ಕೆ ನಡೆದ. ಫ್ರಾನ್ಸಿನ ಬೇಯೂ ಪಟ, ಮೆಕ್ಸಿಕೊದ ಮಡಿಕೆಯ ಚಿತ್ರಗ್ರಂಥ, ಈಜಿಪ್ಟಿನ ಮೆನ್ನಾ ಎಂಬ ಲಿಪಿಕಾರನ ಗೋರಿಯ ಗೋಡೆಚಿತ್ರ, ಎಲ್ಲವೂ ಕಾಮಿಕ್ಸ್ ಎಂದ. ಮೆನ್ನಾನ ಗೋಡೆಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ಅಂಕುಡೊಂಕಾಗಿ ಓದಬೇಕು ಎಂದೂ ತೋರಿಸಿದ. ಅಂಥವನು ಹಾನಗಲ್ಲಿನ ಕಡೆ ಒಮ್ಮೆ ಬಂದಿದ್ದರೆ ಇನ್ನೊಂದು ಅಧ್ಯಾಯ ಬರೆಯುತ್ತಿದ್ದನೋ ಏನೋ.

ಆಕ್ಷೇಪಗಳು ಈ ವ್ಯಾಖ್ಯೆಯ ಸುತ್ತಲೇ ಎದ್ದವು. ಆರ್.ಸಿ. ಹಾರ್ವೆ ಎಂಬ ವ್ಯಂಗ್ಯಚಿತ್ರ ಇತಿಹಾಸಕಾರನ ತಕರಾರು, ಸಾಲು ಮುಖ್ಯವಲ್ಲ, ಮಾತು ಮತ್ತು ಚಿತ್ರ ಒಂದರಲ್ಲೊಂದು ಬೆರೆಯುವುದೇ ಮುಖ್ಯ ಎಂಬುದು. ನ್ಯೂಜಿಲೆಂಡಿನ ಕಾಮಿಕ್ಸ್ ಲೇಖಕ ಡಿಲನ್ ಹಾರಾಕ್ಸ್ 2001ರಲ್ಲಿ ಬರೆದ ಪ್ರಬಂಧ ಇನ್ನೂ ಚುರುಕು. ಮೆಕ್‌ಕ್ಲೌಡ್ ಮಾಡುತ್ತಿರುವುದು ವಿವರಣೆಯಲ್ಲ, ನಕ್ಷೆ ಬರೆದು ಗಡಿ ಹಾಕುವ ಕೆಲಸ. ಕಾಮಿಕ್ಸಿಗೆ ಮರ್ಯಾದೆ ತರಲು ಹಳೆಯ ಮಹಾಕಲೆಗಳನ್ನು ಅದರ ವಂಶಾವಳಿಗೆ ಸೇರಿಸಲಾಗುತ್ತಿದೆ ಎಂಬುದು ಅದರ ಸಾರ. ಈ ಮಾತು ನನಗೂ ತಾಗುತ್ತದೆ. ವೀರಗಲ್ಲನ್ನು ಕಾಮಿಕ್ಸ್ ಎಂದು ಕರೆದರೆ ಕಲ್ಲಿಗೆ ಹೊಸದೇನೂ ಸಿಗುವುದಿಲ್ಲ, ಕಾಮಿಕ್ಸಿಗೆ ಮಾತ್ರ ಒಬ್ಬ ಹಳೆಯ ಅಜ್ಜ ಸಿಗುತ್ತಾನೆ. ಹಾಗಾಗಿ ಕರೆಯುವುದಿಲ್ಲ. ಎರಡರ ಮುಂದೆಯೂ ಕಣ್ಣು ಮತ್ತು ಮಿದುಳು ಮಾಡುವ ಕೆಲಸ ಒಂದೇ ಬಗೆಯದು ಎಂಬಷ್ಟು ಮಾತ್ರ ನನ್ನ ವಾದ.

ವ್ಯಾಖ್ಯೆಯ ಗಡಿಯಿಂದ ಹೊರಗೆ ಬಿದ್ದವರಲ್ಲಿ ನಮ್ಮವರೇ ಹೆಚ್ಚು. ಒಂದೇ ಚೌಕದ ವ್ಯಂಗ್ಯಚಿತ್ರ ಕಾಮಿಕ್ಸ್ ಅಲ್ಲ ಎಂದು ಮೆಕ್‌ಕ್ಲೌಡ್ ಪುಸ್ತಕದಲ್ಲೇ ಹೇಳುತ್ತಾನೆ. ಸಿನಿಮಾದಿಂದ ತೆಗೆದ ಒಂದು ಸ್ಥಿರಚಿತ್ರ ಸಿನಿಮಾ ಅಲ್ಲವಲ್ಲ ಎಂಬುದು ಅವನ ಸಮರ್ಥನೆ. ಕನ್ನಡದ ವ್ಯಂಗ್ಯಚಿತ್ರ ಪರಂಪರೆಯಾದರೋ ಬಹುಪಾಲು ಒಂದೇ ಚೌಕದ್ದು. 1942ರಲ್ಲಿ ರಾಶಿಯವರು, ಅಂದರೆ ಡಾ. ಎಂ. ಶಿವರಾಂ, ಹೊರತಂದ ‘ಕೊರವಂಜಿ’ಯಲ್ಲಿ ಆರ್.ಕೆ. ಲಕ್ಷ್ಮಣ್ ಬರೆದದ್ದರಿಂದ ಹಿಡಿದು ‘ಪ್ರಜಾವಾಣಿ’ಯ ‘ಚಿನಕುರಳಿ’ವರೆಗೆ ಓದುಗ ಬೆಳಗಿನ ಚಹಾದ ಜೊತೆ ನೋಡುವುದು ಒಂದು ಚಿತ್ರ, ಒಂದು ಸಾಲು ಮಾತು. ಬೆಂಗಳೂರಿನಲ್ಲಿ 2001ರಲ್ಲಿ ವಿ.ಜಿ. ನರೇಂದ್ರ ಕಟ್ಟಿದ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿಯ ಗೋಡೆಗಳ ಮೇಲೂ ದೊಡ್ಡ ಪಾಲು ಇಂಥವೇ. ಜಿಲ್ಲೆ ತಾಲ್ಲೂಕುಗಳಿಂದ ಪತ್ರಿಕೆಗೆ ಚಿತ್ರ ಕಳಿಸುವವರು ಪಳಗುವುದೂ ಈ ಒಂದು ಚೌಕದಲ್ಲೇ.

ಇಲ್ಲಿ ಮೆಕ್‌ಕ್ಲೌಡ್‌ನ ತರ್ಕವೇ ಅವನಿಗೆ ತಿರುಗುಬಾಣ ಎಂದು ನನ್ನ ಅಭಿಪ್ರಾಯ. ಪಾಕೆಟ್ ಕಾರ್ಟೂನಿಗೆ ಮೊದಲ ಚೌಕ ಇಲ್ಲವೆಂದಲ್ಲ. ಅದು ನಿನ್ನೆಯ ಮುಖಪುಟದ ಸುದ್ದಿಯಾಗಿ ಓದುಗನ ತಲೆಯಲ್ಲಿ ಅಚ್ಚಾಗಿರುತ್ತದೆ. ನಿನ್ನೆಯ ಸುದ್ದಿಗೂ ಇಂದಿನ ಚಿತ್ರಕ್ಕೂ ನಡುವಿನ ರಾತ್ರಿಯೇ ಖಾಲಿ ಜಾಗ. ಇದು ನಿಜವೇ ಎಂದು ತಿಳಿಯಲು ಇಪ್ಪತ್ತು ವರ್ಷ ಹಳೆಯ ರಾಜಕೀಯ ಕಾರ್ಟೂನುಗಳ ಸಂಕಲನ ತೆರೆದರೆ ಸಾಕು: ಗೆರೆ ಅಷ್ಟೇ ಚೆಂದ, ನಗು ಬರುವುದಿಲ್ಲ. ಮೊದಲ ಚೌಕ ಕಳೆದುಹೋಗಿರುತ್ತದೆ. ಕಲ್ಲಿಗೂ ಇದೇ ಗತಿ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಗಂಗರ ಕಾಲದ ಬೇಗೂರು ಕಲ್ಲಿನಲ್ಲಿ ಅಂಕಣಗಳಿಲ್ಲ. ಆನೆ, ಕುದುರೆ, ಕಾಲಾಳು ಎಲ್ಲ ಒಂದೇ ಗದ್ದಲದ ದೃಶ್ಯ. ಮೂರು ಹಂತಗಳ ಅಚ್ಚುಕಟ್ಟು ಗಟ್ಟಿಯಾಗಿ ನೆಲೆಗೊಂಡದ್ದು ಮುಂದೆ, ಕಲ್ಯಾಣದ ಚಾಲುಕ್ಯರು, ಹೊಯ್ಸಳರು, ಸೇವುಣರ ಕಾಲಕ್ಕೆ. ಬೇಗೂರಿನ ಒಂದೇ ದೃಶ್ಯದಲ್ಲಿ ಯಾರು ಯಾರನ್ನು ಹೊಡೆದರು ಎಂದು ಇಂದು ನಮಗೆ ತಿಳಿಯುವುದು ಅದರ ಮೇಲಿನ ಶಾಸನದಿಂದ. ಅಕ್ಷರ ಸವೆದಿದ್ದರೆ ಅದು ಬರಿಯ ಯುದ್ಧ.

ವಿದ್ವಾಂಸರ ಈ ಜಗಳ ಹೀಗೇ ಸಾಗುತ್ತಿತ್ತು. 1999ರಲ್ಲಿ ತಿಯೆರಿ ಗ್ರೋನ್‌ಸ್ಟೀನ್ ಫ್ರೆಂಚಿನಲ್ಲಿ ಬರೆದ ಪುಸ್ತಕ, ಅಕ್ಕಪಕ್ಕದ ಚೌಕಗಳನ್ನಷ್ಟೇ ನೋಡಿದರೆ ಸಾಲದು, ಪುಟದ ಒಟ್ಟು ಜೋಡಣೆಯನ್ನೂ ದೂರದೂರದ ಚೌಕಗಳ ನಂಟನ್ನೂ ನೋಡಬೇಕು ಎಂದಿತು. ಅದಕ್ಕೂ ಹಲವರು ತಲೆದೂಗಿದರು, ಹಲವರು ಓದಲಾರದೆ ಬದಿಗಿಟ್ಟರು. ಆ ಗದ್ಯ ಸಲೀಸಲ್ಲ. ಆದರೆ ಒಂದು ಬಗೆಯ ಓದುಗರು ಈ ಪುಸ್ತಕಗಳನ್ನು ಒಪ್ಪುವ ಅಥವಾ ತಳ್ಳುವ ಬದಲು ಪ್ರಯೋಗಾಲಯಕ್ಕೆ ಒಯ್ದರು. ಅವರಲ್ಲಿ ಮುಖ್ಯನಾದವನು ಮನೋವಿಜ್ಞಾನಿ ನೀಲ್ ಕೋಹ್ನ್. ಖಾಲಿ ಜಾಗದಲ್ಲಿ ಓದುಗ ಕಥೆ ಹೊಲಿಯುತ್ತಾನೆ ಎನ್ನುವಿರಲ್ಲ, ಆ ಹೊಲಿಗೆಯನ್ನು ಅಳೆಯಲು ಬರುತ್ತದೆಯೇ?

ಅಳೆಯುವ ಒಂದು ಸಾಧನ ಆಗಲೇ ಇತ್ತು. ತಲೆಯ ಮೇಲೆ ವಿದ್ಯುದಗ್ರಗಳನ್ನು ಅಂಟಿಸಿ ಮಿದುಳಿನ ವಿದ್ಯುತ್ ಏರಿಳಿತವನ್ನು ದಾಖಲಿಸುತ್ತಾರೆ. 1980ರಲ್ಲಿ ಮಾರ್ತಾ ಕುತಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ಒಂದು ವಿಚಿತ್ರ ಗುರುತನ್ನು ಕಂಡರು. ‘ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆ’ ಎಂಬಂಥ ವಾಕ್ಯ ಓದುವಾಗ ಏನೂ ವಿಶೇಷ ಆಗುವುದಿಲ್ಲ. ಚಟ್ನಿ ಬರಬೇಕಾದ ಕಡೆ ‘ಛತ್ರಿ’ ಬಂದರೆ, ಆ ಪದ ಕಂಡ ಸುಮಾರು 400 ಮಿಲಿಸೆಕೆಂಡಿಗೆ ಋಣ ದಿಕ್ಕಿನ ಒಂದು ಅಲೆ ದೊಡ್ಡದಾಗಿ ಏಳುತ್ತದೆ. ಅದಕ್ಕೇ ಅದರ ಹೆಸರು ಎನ್400. ಅರ್ಥವನ್ನು ಹಿಂದಿನದಕ್ಕೆ ಕೂಡಿಸಲು ಮಿದುಳು ಎಷ್ಟು ಶ್ರಮಪಡಬೇಕಾಯಿತು ಎಂಬುದರ ಸುಳಿವು ಅದು.

ಕೋಹ್ನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಾಕ್ಯದ ಬದಲು ಚಾರ್ಲ್ಸ್ ಶುಲ್ಜ್‌ನ ‘ಪೀನಟ್ಸ್’ ಚಿತ್ರಗಳಿದ್ದವು, ಮಾತಿಲ್ಲದವು. ಒಂದೊಂದೇ ಚೌಕ ಪರದೆಯ ಮೇಲೆ ಬಂದು ಹೋಗುತ್ತದೆ. ಸಾಲುಗಳು ನಾಲ್ಕು ಬಗೆ. ಒಂದು, ಸರಿಯಾದ ಕಥೆ. ಇನ್ನೊಂದು, ವಿಷಯ ಒಂದೇ ಆದರೂ (ಎಲ್ಲ ಚೌಕಗಳೂ ಬೇಸ್‌ಬಾಲ್ ಆಟದ್ದು ಎನ್ನಿ) ಕಥೆಯ ಕಟ್ಟಿಲ್ಲದ್ದು. ಮೂರನೆಯದರಲ್ಲಿ ಕಥೆಯ ಕಟ್ಟಿದೆ, ಅಂದರೆ ಆರಂಭ, ಏರು, ತುದಿ, ಇಳಿತದ ಜಾಗಗಳಲ್ಲಿ ಅವಕ್ಕೆ ಹೊಂದುವ ಚೌಕಗಳಿವೆ, ಆದರೆ ಒಂದಕ್ಕೊಂದು ಸಂಬಂಧವಿಲ್ಲದ ಬೇರೆಬೇರೆ ಕಥೆಗಳಿಂದ ತೆಗೆದವು. ನಾಲ್ಕನೆಯದು ಪೂರ್ತಿ ಕಲಸುಮೇಲೋಗರ. ಒಂದು ನಿರ್ದಿಷ್ಟ ಚೌಕ ಕಂಡ ಕೂಡಲೇ ಗುಂಡಿ ಒತ್ತಿ ಎಂದಾಗ ಜನ ಸರಿಯಾದ ಕಥೆಯಲ್ಲಿ ಎಲ್ಲಕ್ಕಿಂತ ಬೇಗ ಒತ್ತಿದರು, ಕಲಸಿದ್ದರಲ್ಲಿ ಎಲ್ಲಕ್ಕಿಂತ ತಡವಾಗಿ. ನಡುವಿನ ಎರಡೂ ನಡುವೆಯೇ ಬಿದ್ದವು. ಅರ್ಥವಿಲ್ಲದ ಬರಿಯ ಕಟ್ಟು ಕೂಡ ಓದುಗನ ಕೈ ಹಿಡಿಯಿತು ಎಂಬುದು ಇಲ್ಲಿನ ಅಚ್ಚರಿ. ಎನ್400 ಅಲೆ ಮಾತ್ರ ಬೇರೆ ಸಾಕ್ಷಿ ಹೇಳಿತು: ಅರ್ಥವಿಲ್ಲದ ಕಟ್ಟಿಗೂ ಕಲಸಿದ ಸಾಲಿಗೂ ಅದು ಒಂದೇ ಎತ್ತರ. ಹಾಗಾದರೆ ಅರ್ಥ ಕೂಡಿಸುವುದು ಒಂದು ಕೆಲಸ, ಕಟ್ಟು ಗುರುತಿಸುವುದು ಇನ್ನೊಂದು ಕೆಲಸ.

2014ರ ಇನ್ನೊಂದು ಪ್ರಯೋಗ ಖಾಲಿ ಜಾಗಕ್ಕೇ ಕೈ ಹಾಕಿತು. ಕಥೆಯ ಸಾಲಿನ ನಡುವೆ ಬೇಕೆಂದೇ ಒಂದು ಖಾಲಿ ಬಿಳಿ ಚೌಕ ತೂರಿಸಿದರು. ಕೆಲವು ಸಲ ಕಥೆಯ ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ಸಂಧಿಯಲ್ಲಿ, ಕೆಲವು ಸಲ ಒಂದು ಭಾಗದ ಹೊಟ್ಟೆಯೊಳಗೆ. ಮೆಕ್‌ಕ್ಲೌಡ್ ಹೇಳಿದಂತೆ ಓದು ಒಂದು ಚೌಕದಿಂದ ಪಕ್ಕದ ಚೌಕಕ್ಕೆ ಹಾರುವುದಷ್ಟೇ ಆಗಿದ್ದರೆ ಖಾಲಿ ಚೌಕ ಎಲ್ಲಿ ಬಂದರೂ ತೊಂದರೆ ಒಂದೇ ಆಗಬೇಕು. ಆಗಲಿಲ್ಲ. ಭಾಗದ ಒಳಗೆ ಬಂದ ಖಾಲಿ ಚೌಕಕ್ಕೆ ಮಿದುಳಿನ ಪ್ರತಿಕ್ರಿಯೆ ಹೆಚ್ಚು ದೊಡ್ಡದಾಗಿತ್ತು. ವಾಕ್ಯದ ನಡುವೆ ಟಿಕ್ ಎಂಬ ಸದ್ದು ಕೇಳಿಸಿ 1960ರ ದಶಕದಲ್ಲಿ ಭಾಷಾವಿಜ್ಞಾನಿಗಳು ಮಾಡಿದ್ದ ಪ್ರಯೋಗಗಳ ಚಿತ್ರರೂಪ ಇದು. ಓದುಗ ಚೌಕಗಳನ್ನು ಗುಂಪು ಮಾಡಿಕೊಳ್ಳುತ್ತಾ ಹೋಗುತ್ತಾನೆ, ಮುಂದೇನು ಬರಬಹುದು ಎಂಬ ಲೆಕ್ಕವನ್ನೂ ಇಟ್ಟುಕೊಂಡಿರುತ್ತಾನೆ. ಮ್ಯಾಜಿಕ್ ಇರುವುದು ಕಾಗದದ ಬಿಳಿ ಅಂತರದಲ್ಲಿ ಎಂಬ ಚೆಂದದ ಮಾತು ಇಲ್ಲಿಗೆ ಸ್ವಲ್ಪ ಬಣ್ಣಗೆಡುತ್ತದೆ. ಕೆಲಸ ನಡೆಯುವುದು ಓದಿ ಓದಿ ಪಳಗಿದ ತಲೆಯೊಳಗೆ.

ಪಳಗಿದ ಎಂಬ ಮಾತಿಗೆ ಒತ್ತು ಕೊಡಬೇಕು. ಚಿತ್ರ ಎಂದರೆ ಯಾರಿಗಾದರೂ ಅರ್ಥವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯೆಂದರೆ ಅದರ ಮೇಲೆ ಸರ್ಕಾರಗಳು ಆರೋಗ್ಯ ಪ್ರಚಾರವನ್ನೇ ಕಟ್ಟಿವೆ. 1976ರಲ್ಲಿ ಯುನಿಸೆಫ್ ನೆರವಿನಿಂದ ನೇಪಾಳದ ಹಳ್ಳಿಗಳಲ್ಲಿ 400ಕ್ಕೂ ಹೆಚ್ಚು ಜನರಿಗೆ ಬಗೆಬಗೆಯ ಚಿತ್ರ ತೋರಿಸಿ ನಡೆಸಿದ ಅಧ್ಯಯನ ಈ ನಂಬಿಕೆಗೆ ಪೆಟ್ಟು ಕೊಟ್ಟಿತು. ಹಳ್ಳಿಗರು ಚಿತ್ರದ ಸಾಲನ್ನು ಎಡದಿಂದ ಬಲಕ್ಕೆ ನೋಡಲೇಬೇಕೆಂದಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಪಕ್ಕಪಕ್ಕದ ಚಿತ್ರಗಳಿಗೆ ಒಂದಕ್ಕೊಂದು ಸಂಬಂಧವಿದೆ ಎಂದೇ ಹಲವರು ಎಣಿಸಲಿಲ್ಲ. ಮೂರು ಚಿತ್ರದಲ್ಲಿ ಮೂರು ಸಲ ಬಂದ ಒಬ್ಬಳೇ ತಾಯಿ ಅವರಿಗೆ ಮೂರು ಬೇರೆ ಹೆಂಗಸರಾಗಬಹುದಿತ್ತು. ಅವರ ಬುದ್ಧಿಗೆ ಏನೂ ಕೊರತೆಯಿರಲಿಲ್ಲ, ಇಂಥ ಸಾಲುಗಳ ರೂಢಿ ಇರಲಿಲ್ಲ ಅಷ್ಟೆ.

ಕೋಹ್ನ್ 2020ರಲ್ಲಿ ಬರೆದ ‘ಹೂ ಅಂಡರ್‌ಸ್ಟ್ಯಾಂಡ್ಸ್ ಕಾಮಿಕ್ಸ್?’ ಎಂಬ ಪುಸ್ತಕ ಇಂಥ ಚದುರಿದ ಅಧ್ಯಯನಗಳನ್ನು ಒಟ್ಟುಗೂಡಿಸಿದೆ. ಚಿತ್ರಗಳ ಸಾಲನ್ನು ಕಥೆಯಾಗಿ ನೋಡಲು ಎರಡು ಅರಿವು ಬೇಕು ಎನ್ನುತ್ತಾನೆ: ಈ ಚೌಕದವನೂ ಆ ಚೌಕದವನೂ ಒಬ್ಬನೇ ಎಂಬುದು ಒಂದು, ಈ ಎರಡು ನಿಲುವುಗಳು ಒಂದೇ ಕ್ರಿಯೆಯ ಎರಡು ಗಳಿಗೆ ಎಂಬುದು ಇನ್ನೊಂದು. ಚಿತ್ರಪುಸ್ತಕಗಳ ನಡುವೆ ಬೆಳೆದ ಮಕ್ಕಳಿಗೆ ಸುಮಾರು ನಾಲ್ಕರಿಂದ ಆರು ವರ್ಷದೊಳಗೆ ಇದು ಸಿದ್ಧಿಸುತ್ತದೆ. ಹಾಗೆ ಬೆಳೆಯದವರಿಗೆ ದೊಡ್ಡವರಾದರೂ ಸಿದ್ಧಿಸದೆ ಇರಬಹುದು. ಬೇಸರದ ಸಂಗತಿಯೆಂದರೆ 1939ರಿಂದ ವೆಕ್ಸ್‌ಲರ್ ಬುದ್ಧಿಪರೀಕ್ಷೆಯಲ್ಲಿ ಕಲಸಿದ ಚಿತ್ರಗಳನ್ನು ಕ್ರಮವಾಗಿ ಜೋಡಿಸುವುದೂ ಒಂದು ಭಾಗವಾಗಿತ್ತು. ರೂಢಿಯ ಕೌಶಲವನ್ನು ದಶಕಗಟ್ಟಲೆ ಜಾಣತನವೆಂದು ಅಳೆದರು. ವಯಸ್ಕರ ಪರೀಕ್ಷೆಯಿಂದ ಅದನ್ನು ಕೈಬಿಟ್ಟದ್ದು 2008ರ ಆವೃತ್ತಿಯಲ್ಲಿ.

ಇದು ರಾಣೆಬೆನ್ನೂರಿನವರಿಗೆ ಪುಸ್ತಕದ ಮಾತಲ್ಲ. ಬೀಜದ ಪೇಟೆ ಅದು. ಬೀಜದ ಚೀಲ, ಔಷಧದ ಡಬ್ಬಿ, ಅದರೊಳಗಿನ ಮಡಿಸಿದ ಕಾಗದ, ಎಲ್ಲದರ ಮೇಲೂ ಚಿತ್ರ. ಕೀಟನಾಶಕದ ಡಬ್ಬಿಯ ಮೇಲೆ ವಿಷದ ಮಟ್ಟ ಹೇಳುವ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ಒಂಟಿ ಗುರುತುಗಳು, ಅವನ್ನು ಒಮ್ಮೆ ಕಲಿತರಾಯಿತು. ಆದರೆ ಕೈಗವಸು ಹಾಕು, ಅಳೆ, ಬೆರೆಸು, ಸಿಂಪಡಿಸು, ತೊಳೆದುಕೋ ಎಂದು ಸಾಲಾಗಿ ಬರುವ ಚಿತ್ರಗಳು ಬೇರೆ ಜಾತಿ. ಬ್ಯಾಡಗಿ ಕಡೆಯ ಮೆಣಸಿನಕಾಯಿ ಹೊಲದಲ್ಲಿ ಔಷಧ ಹೊಡೆಯುವ ಕೂಲಿಯವರಿಗೆ ಆ ಸಾಲು ಕ್ರಮವಾಗಿ ಕಾಣುತ್ತದೆಯೋ ಬಿಡಿಬಿಡಿ ಬೊಂಬೆಗಳಾಗಿ ಕಾಣುತ್ತದೆಯೋ ಎಂಬುದು ಸಿದ್ಧಾಂತದ ಚರ್ಚೆಯಲ್ಲ, ವಾಂತಿ ತಲೆಸುತ್ತಿನ ಪ್ರಶ್ನೆ.

ಇನ್ನು ನಮ್ಮಂಥವರ ಕಣ್ಣು ಪಳಗಿದ ಬಗೆ. ಅಮರ ಚಿತ್ರಕಥೆಯ ಮೊದಲ ಹೆಜ್ಜೆ ಕನ್ನಡದ್ದು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. 1965ರಲ್ಲಿ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಪಾಶ್ಚಾತ್ಯ ಕಿನ್ನರಕಥೆಗಳ ಕಾಮಿಕ್ಸನ್ನು ಕನ್ನಡದಲ್ಲಿ ತಂದರು. ಹೀಗೆ ಮೊದಲ 10 ಸಂಖ್ಯೆಗಳು ಅವಕ್ಕೆ ಹೋಗಿ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ರೂಪಿಸಿದ ‘ಕೃಷ್ಣ’ನಿಗೆ 11 ಬಂತು. ಜೊತೆಗೆ ಇಂದ್ರಜಾಲ ಕಾಮಿಕ್ಸ್, ಬಾಲಮಂಗಳದ ಡಿಂಗ. ಈ ಪುಟಗಳು ಕಲಿಸಿದ್ದು ಕೃಷ್ಣನ ಕಥೆಯನ್ನಷ್ಟೇ ಅಲ್ಲ, ಒಂದು ದಾರಿಯನ್ನೂ ಕಲಿಸಿದವು: ಎಡದಿಂದ ಬಲಕ್ಕೆ ಸಾಗು, ಸಾಲು ಮುಗಿದರೆ ಕೆಳಗಿಳಿ. ಕೋಹ್ನ್ 2013ರಲ್ಲಿ ಖಾಲಿ ಪುಟವಿನ್ಯಾಸಗಳನ್ನು ಕೊಟ್ಟು ಚೌಕಗಳಿಗೆ ಸಂಖ್ಯೆ ಹಾಕಿಸಿದಾಗ ಜನ ಬಹುಪಾಲು ಈ ದಾರಿಯನ್ನೇ ಹಿಡಿದರು. ಚೌಕಗಳು ಒಂದರ ದಾರಿಗೆ ಇನ್ನೊಂದು ಅಡ್ಡ ನಿಂತಾಗ ಮಾತ್ರ ಬಿಟ್ಟರು. ವೀರಗಲ್ಲಿನ ಮುಂದೆ ನಿಂತ ಕಾಮಿಕ್ಸ್ ಓದುಗ ಕಥೆಯನ್ನು ತಲೆಕೆಳಗು ಮಾಡುವುದು ಅಜ್ಞಾನದಿಂದಲ್ಲ, ಅತಿಯಾದ ಅಭ್ಯಾಸದಿಂದ.

ಕನ್ನಡ ಲಿಪಿ ವೀರಗಲ್ಲು ಕೆತ್ತಿದ ಕಾಲದಲ್ಲೂ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೇ ಓಡುತ್ತಿತ್ತು. ಅದೇ ಕಲ್ಲಿನ ಮೇಲೆ ಚಿತ್ರ ಕೆಳಗಿನಿಂದ ಮೇಲಕ್ಕೆ ಹತ್ತಿತು. ಲಿಪಿಯ ದಿಕ್ಕೇ ಚಿತ್ರದ ದಿಕ್ಕನ್ನು ತೀರ್ಮಾನಿಸುತ್ತದೆ ಎಂಬ ಸುಲಭ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ಕಥೆಯೇ ಏರುವ ಕಥೆ: ನೆಲ, ಅಂತರಿಕ್ಷ, ಕೈಲಾಸ. ಅಮೃತಾಪುರದ ಗುಡಿಯಲ್ಲಿ ಇನ್ನೂ ಸೊಗಸಾದ ಸಾಕ್ಷಿಯಿದೆ. ತರೀಕೆರೆ ಬಳಿ 1196ರಲ್ಲಿ ಕಟ್ಟಿದ ಈ ಹೊಯ್ಸಳ ಗುಡಿಯ ಉತ್ತರ ಗೋಡೆಯಲ್ಲಿ ಕೃಷ್ಣನ 25 ಮತ್ತು ಮಹಾಭಾರತದ 45 ಚಿತ್ರಗಳು ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗುತ್ತವೆ. ಪ್ರದಕ್ಷಿಣೆಯಲ್ಲಿ ಗುಡಿ ಬಲಗೈ ಬದಿಗಿರುತ್ತದೆ. ಗೋಡೆಗೆ ಮುಖ ಮಾಡಿದರೆ ಕಥೆ ಬಲದಿಂದ ಎಡಕ್ಕೆ ಹೋಗುತ್ತಿರುತ್ತದೆ, ಲಿಪಿಗೆ ಎದುರಾಗಿ. ದಕ್ಷಿಣ ಗೋಡೆಯಲ್ಲಿ ರಾಮಾಯಣದ 70 ಚಿತ್ರಗಳು ಮಾತ್ರ ಅಪ್ರದಕ್ಷಿಣವಾಗಿ, ಅಂದರೆ ನೋಡುವವನಿಗೆ ಎಡದಿಂದ ಬಲಕ್ಕೆ. ಒಂದೇ ಗುಡಿಯ ಎರಡು ಗೋಡೆ, ಎರಡು ಓದು. ಒಂದರಲ್ಲಿ ಕಾಲು ದಾರಿ ಹೇಳುತ್ತದೆ, ಇನ್ನೊಂದರಲ್ಲಿ ಅಕ್ಷರದ ಅಭ್ಯಾಸ ಹೇಳಿತೋ ಏನೋ. ಎಡ ಬಲದ ಈ ಲೆಕ್ಕ ನನ್ನದು. ಗುಡಿಗೆ ಹೋದವರು ಗೋಡೆಯತ್ತ ತಿರುಗಿ ನಿಂತು ತಾಳೆ ನೋಡಬಹುದು.

ವೀರಗಲ್ಲುಗಳ ಬಗ್ಗೆ ವಿದ್ವತ್ತು ನಮ್ಮಲ್ಲಿ ಕಡಿಮೆಯಿಲ್ಲ. ಧಾರವಾಡದಿಂದ 1982ರಲ್ಲಿ ಷ. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ ಸಂಪಾದಿಸಿದ ‘ಮೆಮೋರಿಯಲ್ ಸ್ಟೋನ್ಸ್’ ಈ ವಿಷಯಕ್ಕೆ ಇಂದಿಗೂ ಆಧಾರಗ್ರಂಥ, ಆರ್. ಶೇಷಶಾಸ್ತ್ರಿಗಳ ‘ಕರ್ನಾಟಕದ ವೀರಗಲ್ಲುಗಳು’ ಕನ್ನಡದಲ್ಲೇ ಇದೆ. ಅವು ಕೇಳಿದ್ದು ಇತಿಹಾಸದ, ಧರ್ಮದ, ಶಾಸನದ ಪ್ರಶ್ನೆಗಳನ್ನು. ಕಲ್ಲನ್ನು ನೋಡುವ ಕಣ್ಣಿನ ಪ್ರಶ್ನೆ ಮನೋವಿಜ್ಞಾನದ್ದು, ಅದನ್ನು ಕೇಳಲು ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ಹಾವೇರಿಯ ಯಾವುದಾದರೂ ಕಾಲೇಜಿನ ವಿದ್ಯಾರ್ಥಿಗಳು ಮಾಡಬಹುದು. ಒಂದು ಕಲ್ಲಿನ ಮೂರು ಅಂಕಣಗಳ ಫೋಟೋವನ್ನು ಮೂರು ಕಾರ್ಡು ಮಾಡಿ, ಕಲಸಿ, ಜೋಡಿಸಿ ಕಥೆ ಹೇಳಿ ಎಂದು ಕೊಡುವುದು. ಕೊಡಬೇಕಾದವರು ಮೂರು ಬಗೆ: ಕಾಮಿಕ್ಸ್ ಓದಿದ ಮಕ್ಕಳು, ಕಾಮಿಕ್ಸನ್ನೇ ಕಾಣದ ಹಿರಿಯರು, ಅದೇ ಕಲ್ಲಿಗೆ ವರ್ಷವರ್ಷ ಎಣ್ಣೆ ಹಚ್ಚುವ ಮನೆಯವರು. ಒಮ್ಮೆ ಬಿಡಿ ಕಾರ್ಡು, ಒಮ್ಮೆ ಇಡೀ ಕಲ್ಲು. ಮಕ್ಕಳು ಬಿಡಿ ಕಾರ್ಡುಗಳಲ್ಲಿ ಯುದ್ಧದಿಂದ ಶುರುಮಾಡಿ, ಇಡೀ ಕಲ್ಲು ಕಂಡ ಕೂಡಲೇ ಕೈಲಾಸದಿಂದ ಶುರುಮಾಡಿದರೆ ಅವರ ದಾರಿ ತಪ್ಪಿಸಿದ್ದು ಪುಟದ ಅಭ್ಯಾಸ ಎಂದು ಖಚಿತವಾಗುತ್ತದೆ. ಎರಡರಲ್ಲೂ ಕೈಲಾಸದಿಂದಲೇ ಶುರುಮಾಡಿದರೆ ಕಥೆಯೇ ಮರೆತುಹೋಗಿದೆ, ದಿಕ್ಕಿನ ಮಾತು ಆಮೇಲಿನದು. ಹಿರಿಯರ ಬಳಿ ಮಾತ್ರ ಯಾವುದು ಮೊದಲು ಎಂದು ಆರಂಭಿಸಬಾರದು. ಮೊದಲು ಕೇಳಬೇಕಾದ್ದು, ಈ ಮೂವರೂ ಒಬ್ಬನೇ ಏನು ಎಂದು.